ಸೇಫ್ಟಿ ಬೆಲ್ಟ್‌ಗೆ ಬೂಷ್ಟು ಹಿಡಿದಿದೆ, ಬಣ್ಣ ಮೆತ್ತಿದೆ: ಯಾವುದನ್ನು ತೊಳೆಯುವುದು, ಯಾವುದನ್ನು ಬಿಸಾಡುವುದು?

ಪ್ರಶ್ನೆ: ಮಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ಗಳ ಹೊರಗೋಡೆಗೆ ಬಣ್ಣ ಬಳಿಯುವ ಕಾಂಟ್ರಾಕ್ಟ್ ನಮ್ಮದು. ಹನ್ನೆರಡು ಫುಲ್ ಬಾಡಿ ಹಾರ್ನೆಸ್ (ಭುಜಕ್ಕೂ ತೊಡೆಗೂ ಪಟ್ಟಿ ಇರುವ ಸೇಫ್ಟಿ ಬೆಲ್ಟ್) ಇವೆ. ಮಳೆಗಾಲದಲ್ಲಿ ಕೆಲಸ ನಿಂತಾಗ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಶೆಡ್ಡಿನಲ್ಲಿ ಇಟ್ಟಿದ್ದೆವು. ಈಗ ತೆಗೆದರೆ ಬೂಷ್ಟು, ಮುಗ್ಗಲು ವಾಸನೆ, ಕೆಲವು ಹುಕ್‌ಗಳಿಗೆ ತುಕ್ಕು. ಪಟ್ಟಿಗೆ ಮೆತ್ತಿದ ಬಣ್ಣವನ್ನು ಥಿನ್ನರ್ ಹಾಕಿ ಒರೆಸಬಹುದೇ? ಕಳೆದ ವರ್ಷ ಒಬ್ಬ ಹುಡುಗ ಕಾಲು ಜಾರಿ ಬೆಲ್ಟಿನಲ್ಲೇ ನೇತಾಡಿದ್ದ, ಆದರೆ ಆ ಬೆಲ್ಟ್ ನೋಡಲು ಚೆನ್ನಾಗಿಯೇ ಇದೆ. ಇನ್ನೆರಡು ತಂದು ಐದಾರು ವರ್ಷವಾಯಿತು, ಬಳಸಿಯೇ ಇಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು? ಮುಂದಿನ ಮಳೆಗಾಲಕ್ಕೆ ಹೇಗೆ ಇಡಬೇಕು?

ಉತ್ತರ: ಮೊದಲು ಆ ಹುಡುಗ ನೇತಾಡಿದ ಬೆಲ್ಟಿನ ವಿಷಯ. ಅದನ್ನು ಇವತ್ತೇ ಬೇರೆ ತೆಗೆದಿಡಿ. ತೊಳೆಯುವುದೂ ಬೇಡ, ಪರೀಕ್ಷಿಸುವುದೂ ಬೇಡ. ಬೀಳುವ ಮನುಷ್ಯನನ್ನು ಒಮ್ಮೆ ತಡೆದು ನಿಲ್ಲಿಸಿದ ಹಾರ್ನೆಸ್ಸೂ ಅದಕ್ಕೆ ಸಿಕ್ಕಿಸಿದ ಲ್ಯಾನ್ಯಾರ್ಡೂ (ಹಾರ್ನೆಸ್ಸನ್ನು ಆಸರೆಗೆ ಜೋಡಿಸುವ ಗಿಡ್ಡ ಪಟ್ಟಿ) ತಮ್ಮ ಕೆಲಸ ಮುಗಿಸಿದಂತೆ. ತಯಾರಕರು ಕೊಡುವ ಸೂಚನಾ ಪುಸ್ತಕಗಳೂ ಇದನ್ನೇ ಹೇಳುತ್ತವೆ. ಲ್ಯಾನ್ಯಾರ್ಡಿನ ಒಂದು ತುದಿಯಲ್ಲಿ ಅಂಗೈ ಉದ್ದದ ದಪ್ಪ ಪೊಟ್ಟಣ ಇರುತ್ತದಲ್ಲ, ಶಾಕ್ ಅಬ್ಸಾರ್ಬರ್, ಅದರೊಳಗೆ ಮಡಚಿ ಹೊಲಿದ ಪಟ್ಟಿ ಇರುತ್ತದೆ. ಮನುಷ್ಯ ಬಿದ್ದಾಗ ಆ ಹೊಲಿಗೆ ಒಂದೊಂದಾಗಿ ಹರಿಯುತ್ತಾ ಹೋಗಿ ಪೆಟ್ಟನ್ನು ನುಂಗುತ್ತದೆ. ಸಣ್ಣ ಬೀಳುವಿಕೆಯಲ್ಲಿ ಹೊಲಿಗೆ ಅರ್ಧ ಮಾತ್ರ ಹರಿದು ಹೊರಗಿನ ಕವರ್ ಹಾಗೆಯೇ ಉಳಿಯಬಹುದು. ಆಗ ನೋಡಿದವರಿಗೆ ಹೊಸದರಂತೆಯೇ ಕಾಣುತ್ತದೆ, ಆದರೆ ಎರಡನೆಯ ಸಲ ನುಂಗಲು ಅದರಲ್ಲಿ ಉಳಿದಿರುವುದು ಸ್ವಲ್ಪವೇ. ಹಾರ್ನೆಸ್ಸಿನಲ್ಲೂ ಅಷ್ಟೇ. ಲ್ಯಾನ್ಯಾರ್ಡ್ ಸಿಕ್ಕಿಸುವ ಲೋಹದ ಬಳೆ, ಅಂದರೆ ಡಿ-ರಿಂಗಿನ ಸುತ್ತ ಮತ್ತು ತೊಡೆಪಟ್ಟಿ ಸೇರುವ ಕಡೆ ಹೊಲಿಗೆಯ ದಾರ ಒಳಗೊಳಗೇ ಎಳೆದುಕೊಂಡಿರುತ್ತದೆ. ಆ ದಿನ ಹುಡುಗನನ್ನು ಹಿಡಿದ ಹಗ್ಗ ಮತ್ತು ರೋಪ್ ಗ್ರ್ಯಾಬ್ (ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ ಸಾಧನ) ಇನ್ನೂ ಬಳಕೆಯಲ್ಲಿದ್ದರೆ ಅವನ್ನೂ ಇದೇ ರಾಶಿಗೆ ಸೇರಿಸಿ.

ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣ ಎರಡು ಅಂಕಿಗಳಲ್ಲಿದೆ. ಯುರೋಪಿನ ಇಎನ್ 355 ಮಾನದಂಡದ ಪ್ರಕಾರ ಶಾಕ್ ಅಬ್ಸಾರ್ಬರ್ ಪೆಟ್ಟನ್ನು 6 ಕಿಲೋನ್ಯೂಟನ್ ಮೀರದಂತೆ ತಡೆಯಬೇಕು. ಅಂದರೆ ಸುಮಾರು 600 ಕಿಲೋ ತೂಗುಹಾಕಿದಷ್ಟು ಬಲ. ಅಬ್ಸಾರ್ಬರ್ ಕೈಕೊಟ್ಟರೆ ಬಲ ಇದರ ಎರಡು ಪಟ್ಟನ್ನೂ ದಾಟಬಹುದು. ಹೊಸ ಹಾರ್ನೆಸ್ ಪರೀಕ್ಷೆಯಲ್ಲಿ 15 ಕಿಲೋನ್ಯೂಟನ್ ಎಳೆತವನ್ನು 3 ನಿಮಿಷ ತಡೆದುಕೊಳ್ಳಬೇಕು ಎನ್ನುತ್ತದೆ ಇಎನ್ 361. ಆರಕ್ಕೂ ಹದಿನೈದಕ್ಕೂ ನಡುವಿನ ಈ ಅಂತರವೇ ನಿಮ್ಮ ಹುಡುಗರ ಜೀವದ ಬಂಡವಾಳ. ಬಿಸಿಲು, ಸುಣ್ಣ, ಥಿನ್ನರ್, ಇಲಿ, ಮೊಳೆ ಎಲ್ಲವೂ ಈ ಬಂಡವಾಳವನ್ನೇ ತಿನ್ನುವುದು. ಅದರಲ್ಲಿ ದೊಡ್ಡ ಪಾಲು ಹಾನಿ ಗೋಡೆಯ ಮೇಲೆ ಆಗುವುದಿಲ್ಲ, ಬೆಲ್ಟ್ ಬಿಚ್ಚಿ ಎಸೆದ ಮೂಲೆಯಲ್ಲಿ ಆಗುತ್ತದೆ. ಅಂಚಿನಲ್ಲಿ 1 ಮಿಲಿಮೀಟರ್ ಕತ್ತರಿಸಿದರೂ ಲ್ಯಾನ್ಯಾರ್ಡ್ ಪಟ್ಟಿಯ ಶಕ್ತಿ 40 ಪ್ರತಿಶತದವರೆಗೆ ಇಳಿಯಬಹುದು ಎಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಎಚ್ಚರಿಸಿದೆ. ಒಂದು ಮಿಲಿಮೀಟರ್ ಎಂದರೆ ಉಗುರಿನ ದಪ್ಪದ ಸುಮಾರು ಎರಡು ಪಟ್ಟು, ಅಷ್ಟೇ.

ತೊಳೆಯುವ ಮೊದಲೇ ಬೇರ್ಪಡಿಸಿ

ಬಕೆಟ್ ತುಂಬಿಸುವ ಮೊದಲು ಉಳಿದ ಹನ್ನೊಂದನ್ನೂ ಬೆಳಕಿರುವ ಜಗಲಿಯಲ್ಲಿ ಹರಡಿ. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟ್ ಇವುಗಳ ನಡುವೆ ಸೇರಿಕೊಂಡಿದ್ದರೆ ಅದನ್ನು ಈಗಲೇ ಹೊರಗೆ ಹಾಕಿ; ಬಿದ್ದಾಗ ಅದು ಹೊಟ್ಟೆಯನ್ನೇ ಹಿಂಡುತ್ತದೆ. ಅಮೆರಿಕದಲ್ಲಿ 1998ರ ಜನವರಿ 1ರಿಂದಲೇ ಬೀಳುವಿಕೆ ತಡೆಯಲು ಅದನ್ನು ಬಳಸುವಂತಿಲ್ಲ.

ಪ್ರತಿ ಹಾರ್ನೆಸ್ಸಿನ ಲೇಬಲ್ ಓದಿ. ತಯಾರಾದ ತಿಂಗಳು ಮತ್ತು ವರ್ಷ, ಸೀರಿಯಲ್ ನಂಬರ್, ಭಾರತದ ಐಎಸ್ 3521 ಅಥವಾ ಯುರೋಪಿನ ಇಎನ್ 361 ಎಂಬ ಮಾನದಂಡ, ಪಟ್ಟಿ ಯಾವುದರದು ಎಂಬುದು ಅದರಲ್ಲಿರಬೇಕು. ಲೇಬಲ್ ಹರಿದುಹೋಗಿದ್ದರೆ ಅಥವಾ ಅಕ್ಷರ ಅಳಿಸಿಹೋಗಿದ್ದರೆ ಆ ಹಾರ್ನೆಸ್ ಬಳಕೆಗಿಲ್ಲ. ವಯಸ್ಸು ಗೊತ್ತಿಲ್ಲದ ಪಟ್ಟಿಯ ಮೇಲೆ ಯಾವ ಲೆಕ್ಕವನ್ನೂ ಹಾಕಲಾಗದು.

ಆಮೇಲೆ ಪಟ್ಟಿ. ಎರಡೂ ಕೈಯಲ್ಲಿ ಒಂದು ಗೇಣಿನ ಅಂತರದಲ್ಲಿ ಹಿಡಿದು ತಲೆಕೆಳಗಾದ ‘ಯು’ ಆಕಾರಕ್ಕೆ ಬಗ್ಗಿಸಿ. ಬಾಗಿದ ಜಾಗದಲ್ಲಿ ಮೇಲ್ಮೈ ಬಿಗಿಯಾಗಿ, ಚಪ್ಪಟೆಯಾಗಿದ್ದಾಗ ಕಾಣದ ತುಂಡಾದ ಎಳೆಗಳು ಎದ್ದು ನಿಲ್ಲುತ್ತವೆ. ಹೀಗೆ ಗೇಣು ಗೇಣಾಗಿ ಪೂರ್ತಿ ಉದ್ದ, ಎರಡೂ ಬದಿ. ಬಕಲ್ ಅಡಿಯಲ್ಲಿ ಮುಚ್ಚಿಹೋಗುವ ಭಾಗವನ್ನು ಎಳೆದು ನೋಡಿ. ಸವೆತ ಅಲ್ಲೇ ಹೆಚ್ಚು. ಹೊಲಿಗೆಯ ದಾರವನ್ನು ಸಾಮಾನ್ಯವಾಗಿ ಪಟ್ಟಿಗಿಂತ ಬೇರೆ ಬಣ್ಣದಲ್ಲಿ ಹಾಕಿರುತ್ತಾರೆ, ಕಡಿದಿದ್ದು ಸುಲಭವಾಗಿ ಕಣ್ಣಿಗೆ ಬೀಳಲಿ ಎಂದೇ. ಬೆನ್ನಿನ ಡಿ-ರಿಂಗಿನ ಹತ್ತಿರ ಕೆಲವು ಹಾರ್ನೆಸ್‌ಗಳಲ್ಲಿ ಪಟ್ಟಿಯನ್ನು ಮಡಚಿ ಹೊಲಿದಿರುತ್ತಾರೆ. ಆ ಮಡಿಕೆ ಬಿಚ್ಚಿಕೊಂಡಿದ್ದರೆ ನಿಮಗೆ ಯಾರೂ ಹೇಳದ ಇನ್ನೊಂದು ಬೀಳುವಿಕೆ ಆಗಿದೆ ಎಂದರ್ಥ.

ತೊಡೆಪಟ್ಟಿ ಸಡಿಲವಾಗುತ್ತದೆಂದು ಸೂಜಿಬಕಲ್ಲಿನ ಪಟ್ಟಿಗೆ ಹೊಸ ತೂತು ಹೊಡೆದದ್ದು, ಕಾದ ಮೊಳೆಯಿಂದ ತೂತು ಸುಟ್ಟದ್ದು, ಉದ್ದವಾಯಿತೆಂದು ತುದಿ ಕತ್ತರಿಸಿದ್ದು ಕಂಡರೆ ಎರಡನೇ ಮಾತಿಲ್ಲದೆ ತೆಗೆಯಿರಿ. ಲ್ಯಾನ್ಯಾರ್ಡಿಗೆ ಗಂಟು ಹಾಕಿ ಗಿಡ್ಡ ಮಾಡಿದ್ದರೂ ಅಷ್ಟೇ. ಗಂಟಿನ ಜಾಗದಲ್ಲಿ ಶಕ್ತಿ ಅರ್ಧದಷ್ಟಕ್ಕೆ ಇಳಿಯಬಹುದು. ಪೇಂಟ್ ಡಬ್ಬ ಮೇಲೆಳೆಯಲು ಲ್ಯಾನ್ಯಾರ್ಡ್ ಬಳಸುವ ರೂಢಿ ನಿಮ್ಮಲ್ಲಿದ್ದರೆ ಅದಕ್ಕೆ ಬೇರೆ ಹಗ್ಗ ತಂದುಕೊಡಿ. ಬೈದು ನಿಲ್ಲಿಸುವುದಕ್ಕಿಂತ ಅದು ಸುಲಭ.

ಬಣ್ಣ, ಥಿನ್ನರ್, ಸುಣ್ಣ

ಥಿನ್ನರ್ ಬೇಡವೇ ಬೇಡ. ಟರ್ಪೆಂಟೈನ್, ಪೆಟ್ರೋಲ್, ಸೀಮೆಎಣ್ಣೆ ಕೂಡ ಬೇಡ. ಒರೆಸಿದ ಜಾಗ ಸ್ವಚ್ಛವಾಗಿ ಕಾಣುತ್ತದೆ, ಆದರೆ ದ್ರಾವಕ ಪಟ್ಟಿಯ ನೇಯ್ಗೆಯೊಳಗೆ ಇಳಿದು ಬಕಲ್ಲಿನ ಪ್ಲಾಸ್ಟಿಕ್ಕಿಗೂ ಹೊಲಿಗೆಗೂ ತಗಲುತ್ತದೆ. ಎಷ್ಟು ಹಾನಿಯಾಯಿತು ಎಂದು ಅಳೆಯುವ ದಾರಿ ನಿಮ್ಮ ಕೈಯಲ್ಲಿಲ್ಲ.

ನೀರಿನ ಎಮಲ್ಷನ್ ಬಣ್ಣದ ಹನಿ ಒಂದೆರಡು ಬಿದ್ದು ಪಟ್ಟಿ ಅಲ್ಲೂ ಮೆತ್ತಗೆ ಬಾಗುತ್ತಿದ್ದರೆ ಹಾಗೇ ಬಿಡಿ. ಹಸಿಯಿದ್ದಾಗಲೇ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯುವುದು ಒಳ್ಳೆಯ ಅಭ್ಯಾಸ. ಬಣ್ಣ ಒಳಗಿಳಿದು ಒಣಗಿ ಪಟ್ಟಿ ಗಟ್ಟಿಯಾಗಿದ್ದರೆ ಮಾತು ಬೇರೆ. ಪಟ್ಟಿ ಭಾರ ಹೊರುವುದು ಸಾವಿರಾರು ಎಳೆಗಳು ಒಂದರ ಪಕ್ಕ ಒಂದು ಸರಿದಾಡುತ್ತಾ ಭಾರ ಹಂಚಿಕೊಳ್ಳುವುದರಿಂದ. ಬಣ್ಣ ಅವನ್ನು ಅಂಟಿಸಿಬಿಟ್ಟರೆ ಬಾಗುವ ಕಡೆ ಕೆಲವೇ ಎಳೆಗಳ ಮೇಲೆ ಭಾರ ಬಿದ್ದು ಅವು ಮುರಿಯುತ್ತವೆ. ಮೇಲಾಗಿ ಬಣ್ಣದ ಕೆಳಗಿನ ಕಡಿತ, ಸುಟ್ಟ ಗುರುತು ಏನೂ ಕಾಣದು. ಎನಾಮಲ್, ಎಪಾಕ್ಸಿಯಂಥ ದ್ರಾವಕದ ಬಣ್ಣ ಮೆತ್ತಿ ಗಟ್ಟಿಯಾದ ಪಟ್ಟಿಯನ್ನು ಉಳಿಸಿಕೊಳ್ಳಬೇಡಿ. ಹೊಲಿಗೆಯ ಮೇಲೆ ದಪ್ಪಗೆ ಬಣ್ಣ ಕೂತಿದ್ದರೆ ಅದು ಯಾವ ಬಣ್ಣವಾದರೂ ತೆಗೆಯಿರಿ.

ಪೇಂಟಿಂಗ್ ಕೆಲಸದವರು ಬಣ್ಣಕ್ಕೆ ಹೆದರುತ್ತಾರೆ, ಪುಟ್ಟಿಗೆ ಹೆದರುವುದಿಲ್ಲ. ಹೆದರಬೇಕಾದದ್ದು ಅದಕ್ಕೂ. ಬಿಳಿ ಸಿಮೆಂಟ್, ಸಿಮೆಂಟ್ ಆಧಾರಿತ ಪುಟ್ಟಿ, ಸುಣ್ಣ ಎಲ್ಲವೂ ಒದ್ದೆಯಾದಾಗ ತೀಕ್ಷ್ಣ ಕ್ಷಾರ. ಲೇಬಲ್‌ನಲ್ಲಿ ಪಾಲಿಯೆಸ್ಟರ್ ಅಥವಾ ಪಿಇಎಸ್ ಎಂದಿದ್ದರೆ ಆ ಎಳೆಗೆ ಕ್ಷಾರ ಶತ್ರು. ನೈಲಾನ್, ಪಾಲಿಅಮೈಡ್ ಅಥವಾ ಪಿಎ ಎಂದಿದ್ದರೆ ಆಮ್ಲ ಶತ್ರು. ಟೈಲ್ಸ್ ಮತ್ತು ಗೋಡೆ ತೊಳೆಯಲು ತರುವ ಆಸಿಡ್, ಪಿಕಪ್ಪಿನ ಹಿಂದೆ ಇಟ್ಟ ಹಳೆಯ ಬ್ಯಾಟರಿಯಿಂದ ಸೋರಿದ ನೀರು ನೈಲಾನ್ ಪಟ್ಟಿಗೆ ತಾಗಿದರೆ ಆ ಪಟ್ಟಿ ಮುಗಿಯಿತು. ರಾಸಾಯನಿಕ ತಾಗಿದ ಜಾಗ ಬಣ್ಣಗೆಟ್ಟಿರುತ್ತದೆ, ಉಗುರಿನಲ್ಲಿ ಕೆರೆದರೆ ಪುಡಿ ಅಥವಾ ಸಿಪ್ಪೆ ಬರುತ್ತದೆ. ಎಷ್ಟೋ ಸಲ ಯಾವ ಗುರುತೂ ಇರುವುದಿಲ್ಲ. ಹಾಗಾಗಿ ‘ಆಸಿಡ್ ತಾಗಿತ್ತು’ ಎಂದು ಹುಡುಗರು ಹೇಳಿದರೆ ಅಷ್ಟೇ ಸಾಕು, ಬೇರೆ ಸಾಕ್ಷಿ ಕೇಳಬೇಡಿ. ಹೇಳಿದವನ ಸಂಬಳ ಹಿಡಿಯಬೇಡಿ. ಹಿಡಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಪುಟ್ಟಿ ಕೆಲಸ ಮಾಡಿದ ದಿನ ಸಂಜೆಯೇ ಪಟ್ಟಿಯ ಧೂಳನ್ನು ಒಣ ಬ್ರಷ್ಷಿನಿಂದ ಜಾಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಸಿಮೆಂಟಿನ ಕಣ ಎಳೆಗಳ ನಡುವೆ ಉಳಿದರೆ ಉಪ್ಪುಕಾಗದದಂತೆ ಒಳಗಿನಿಂದಲೇ ಉಜ್ಜುತ್ತದೆ.

ಬೂಷ್ಟು ಹೋಗಬೇಕಾದರೆ

ಬೂಷ್ಟು ನೈಲಾನನ್ನೂ ಪಾಲಿಯೆಸ್ಟರನ್ನೂ ಹತ್ತಿಯನ್ನು ತಿಂದಂತೆ ತಿನ್ನುವುದಿಲ್ಲ. ಪಟ್ಟಿಯಲ್ಲಿ ಕೂತ ಬೆವರು, ಧೂಳು, ಎಣ್ಣೆಯ ಮೇಲೆ ಅದು ಬೆಳೆಯುತ್ತದೆ. ಆದ್ದರಿಂದ ಬೂಷ್ಟು ಬಂದ ಮಾತ್ರಕ್ಕೆ ಎಸೆಯಬೇಕಾಗಿಲ್ಲ. ಆದರೆ ಅದು ತೇವವನ್ನು ಹಿಡಿದಿಡುತ್ತದೆ, ಬಕಲ್‌ಗಳಿಗೆ ತುಕ್ಕು ತರಿಸುತ್ತದೆ, ಪಟ್ಟಿಯ ದೋಷವನ್ನು ಮುಚ್ಚುತ್ತದೆ. ತೊಳೆದ ಮೇಲೂ ಪಟ್ಟಿ ಗಡುಸಾಗಿದ್ದರೆ ಅಥವಾ ಮೇಲ್ಮೈ ನವಿರುನವಿರಾಗಿ ಎದ್ದಿದ್ದರೆ ಉಳಿಸಿಕೊಳ್ಳಬೇಡಿ. ಬರೀ ಕಲೆ ಉಳಿದು ಪಟ್ಟಿ ಮೆತ್ತಗಿದ್ದರೆ ಮತ್ತೊಮ್ಮೆ ‘ಯು’ ಪರೀಕ್ಷೆ ಮಾಡಿ ನಿರ್ಧರಿಸಿ.

ಬೂಷ್ಟು ಹೋಗಲೆಂದು ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮಲ್ಲಿ ಬಹಳ ಸಾಮಾನ್ಯ. ಕ್ಲೋರಿನ್ ಎಳೆಯನ್ನೇ ಸುಡುತ್ತದೆ. ಬಟ್ಟೆ ಒಗೆಯುವ ಪುಡಿ, ಬಾರ್ ಸಾಬೂನು, ವಾಷಿಂಗ್ ಸೋಡಾ ಕ್ಷಾರೀಯ, ಅವೂ ಬೇಡ. ಉಣ್ಣೆ ಅಥವಾ ರೇಷ್ಮೆ ಬಟ್ಟೆಗೆ ಬಳಸುವ ಸೌಮ್ಯ ದ್ರವ ಸೋಪು ತನ್ನಿ. 10 ಲೀಟರ್ ನೀರಿಗೆ ಎರಡು ಚಮಚ ಸಾಕು. ಹೆಚ್ಚು ಹಾಕಿದರೆ ಜಾಲಿಸುವುದೇ ಕಷ್ಟವಾಗುತ್ತದೆ, ಉಳಿದ ಸೋಪು ಮತ್ತೆ ಧೂಳು ಹಿಡಿಯುತ್ತದೆ. ನೀರು ಉಗುರುಬೆಚ್ಚಗಿದ್ದರೆ ಸಾಕು. ಲೇಬಲ್‌ನಲ್ಲಿ 30 ಅಥವಾ 40 ಡಿಗ್ರಿ ಎಂದು ಮಿತಿ ಕೊಟ್ಟಿರುತ್ತಾರೆ, ಅದನ್ನು ಮೀರಬೇಡಿ.

ಮೊದಲು ಮಾಸ್ಕ್ ಹಾಕಿಕೊಂಡು ಹೊರಗೆ ನಿಂತು ಒಣ ಬೂಷ್ಟನ್ನು ಮೆತ್ತನೆಯ ಬ್ರಷ್ಷಿನಿಂದ ಜಾಡಿಸಿ. ಲ್ಯಾನ್ಯಾರ್ಡನ್ನು ಕಳಚಿ ಬೇರೆ ಇಡಿ. ಹಾರ್ನೆಸ್ಸನ್ನು ಸೋಪಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಪಟ್ಟಿಯ ಉದ್ದಕ್ಕೆ ಬ್ರಷ್ ಆಡಿಸಿ. ತಂತಿ ಬ್ರಷ್, ಪಾತ್ರೆ ಉಜ್ಜುವ ಸ್ಕ್ರಬ್ಬರ್, ಪ್ರೆಷರ್ ವಾಷರ್ ಬೇಡ. ಒಗೆಯುವ ಕಲ್ಲಿಗೆ ಬಡಿಯುವುದಂತೂ ಬೇಡವೇ ಬೇಡ. ನೊರೆ ಪೂರ್ತಿ ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ಜಾಲಿಸಿ. ಹಿಂಡಬೇಡಿ, ಟವಲಿನಲ್ಲಿ ಒತ್ತಿ ನೀರು ತೆಗೆಯಿರಿ. ಶಾಕ್ ಅಬ್ಸಾರ್ಬರ್ ಪೊಟ್ಟಣವನ್ನು ಮುಳುಗಿಸಬಾರದು: ಒಳಗಿನ ಮಡಿಕೆಗೆ ನೀರು ಹೋದರೆ ನಮ್ಮ ಕರಾವಳಿಯ ಹವೆಯಲ್ಲಿ ವಾರಗಟ್ಟಲೆ ಒಣಗದು. ಹೊರಗಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಪ್ರಿಂಗಿನಿಂದ ತಾನೇ ಸುತ್ತಿಕೊಳ್ಳುವ ಫಾಲ್ ಅರೆಸ್ಟರ್ ಡಬ್ಬಿ ಇದ್ದರೆ ಅದನ್ನೂ ನೀರಿಗೆ ಹಾಕಬೇಡಿ.

ಒಣಗಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಒದ್ದೆ ಹಾರ್ನೆಸ್ ಬೇಗ ಒಣಗಲೆಂದು ತಾರಸಿಯ ಬಿಸಿಲಿಗೆ ಹಾಕುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ ನೈಲಾನನ್ನು ಬೇಗ, ಪಾಲಿಯೆಸ್ಟರನ್ನು ಸ್ವಲ್ಪ ನಿಧಾನವಾಗಿ ಒಡೆಯುತ್ತದೆ. ಕೆಲಸದ ಹೊತ್ತಿನ ಬಿಸಿಲು ತಪ್ಪಿಸಲಾಗದು, ಒಣಗಿಸುವ ಬಿಸಿಲನ್ನಾದರೂ ತಪ್ಪಿಸಿ. ಗಾಳಿಯಾಡುವ ನೆರಳಿನಲ್ಲಿ, ಬೆನ್ನಿನ ಡಿ-ರಿಂಗಿಗೆ ಹಾಕಿ, ತೊಡೆಪಟ್ಟಿಯ ಬಕಲ್ ಬಿಚ್ಚಿ ತೂಗಿಬಿಡಿ. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಮನೆಯೊಳಗೆ ಫ್ಯಾನ್ ಹಾಕಿ ಎರಡು ಮೂರು ದಿನ. ಹೇರ್ ಡ್ರೈಯರ್, ಇಸ್ತ್ರಿ, ಬಚ್ಚಲ ಒಲೆಯ ಹತ್ತಿರದ ಬಿಸಿ ಬೇಡ. ಒಣಗಿತೇ ಎಂದು ನೋಡುವುದು ಪಟ್ಟಿ ಮುಟ್ಟಿ ಅಲ್ಲ: ಭುಜದ ಪ್ಯಾಡ್, ಬಕಲ್ ಅಡಿಯ ಮಡಿಕೆ, ಡಿ-ರಿಂಗಿನ ಪ್ಲಾಸ್ಟಿಕ್ ತಟ್ಟೆಯ ಹಿಂಭಾಗವನ್ನು ಟಿಷ್ಯೂ ಕಾಗದದಿಂದ ಒತ್ತಿ ನೋಡಿ. ತೇವ ಕಂಡರೆ ಇನ್ನೂ ಒಂದು ದಿನ.

ತುಕ್ಕು ಹಿಡಿದ ಹುಕ್

ಸತು ಲೇಪಿಸಿದ ಉಕ್ಕಿನ ಮೇಲೆ ಬಿಳಿ ಪುಡಿ ಬಂದಿದ್ದರೆ ಲೇಪ ಸವೆಯುತ್ತಿದೆ ಎಂದರ್ಥ. ಒರೆಸಿ ಬಳಸಬಹುದು, ಕಣ್ಣಿಟ್ಟಿರಬೇಕು. ಕೆಂಪು ತುಕ್ಕು ಬಟ್ಟೆಯಲ್ಲಿ ಒರೆಸಿದರೆ ಹೋಗಿ ಕೆಳಗೆ ನುಣುಪಾಗಿದ್ದರೆ ಸರಿ. ಉಗುರಿಗೆ ಸಿಗುವ ಗುಳಿ ಬಿದ್ದಿದ್ದರೆ, ಬಿರುಕು ಇದ್ದರೆ, ಹುಕ್ ಬಾಯಿ ಬಾಗಿದ್ದರೆ ಲ್ಯಾನ್ಯಾರ್ಡ್ ಪೂರ್ತಿ ಹೊರಗೆ. ಉಪ್ಪುಕಾಗದ ಹಾಕಿ ಉಜ್ಜಿ ಹೊಳಪು ತರಿಸಬೇಡಿ, ಉಳಿದ ಲೇಪವೂ ಹೋಗುತ್ತದೆ. ಹುಕ್ಕಿನ ಗೇಟನ್ನು ಹತ್ತು ಸಲ ತೆರೆದು ಬಿಡಿ. ಪ್ರತಿ ಸಲವೂ ತಾನಾಗಿಯೇ ಮುಚ್ಚಿ ಲಾಕ್ ಆಗಬೇಕು; ಬೆರಳಿನಿಂದ ತಳ್ಳಬೇಕಾದ ಗೇಟ್ ನಂಬಲರ್ಹವಲ್ಲ. ಬಿಗಿಯಾಗಿದ್ದರೆ ಬೆಚ್ಚನೆ ನೀರು, ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿನ ಸಿಮೆಂಟ್ ತೆಗೆದು ಒಣಗಿಸಿ. ಆಮೇಲೂ ಬಿಗಿ ಇದ್ದರೆ ತಯಾರಕರು ಒಪ್ಪುವ ಒಣ ಲೂಬ್ರಿಕೆಂಟ್ ಒಂದು ಹನಿ, ಹೆಚ್ಚಿನದನ್ನು ಒರೆಸಿಬಿಡಿ. ತೆಂಗಿನೆಣ್ಣೆ, ಎಂಜಿನ್ ಆಯಿಲ್ ಹಾಕಿದರೆ ಪುಟ್ಟಿಯ ಧೂಳು ಅಂಟಿ ಒಂದೇ ವಾರದಲ್ಲಿ ಮತ್ತೆ ಬಿಗಿಯುತ್ತದೆ. ಸಮುದ್ರಕ್ಕೆ ಹತ್ತಿರದ ಕಟ್ಟಡಗಳಲ್ಲಿ ಕೆಲಸವಿದ್ದಾಗ ವಾರಕ್ಕೊಮ್ಮೆ ಲೋಹದ ಭಾಗಗಳನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ.

ಎಲ್ಲಿ ಇಡುವುದು

ಪ್ಲಾಸ್ಟಿಕ್ ಚೀಲವೇ ಈ ಸಲದ ಬೂಷ್ಟಿಗೆ ಕಾರಣ. ಒಳಗಿನ ಬೆವರಿನ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಹತ್ತಿಬಟ್ಟೆಯ ಚೀಲ ಹೊಲಿಸಿ, ಪ್ರತಿ ಹಾರ್ನೆಸ್ಸಿಗೆ ಒಂದು.

ತಗಡಿನ ಶೀಟಿನ ಶೆಡ್ ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ಶೀಟಿನ ಒಳಮೈ ಬೆವರಿ ಹನಿ ಬೀಳುತ್ತದೆ. ಸಾಧ್ಯವಿದ್ದರೆ ಆಫೀಸಿನ ಒಳಗೋಣೆಯ ಒಂದು ಗೋಡೆಯನ್ನು ಇದಕ್ಕೇ ಬಿಡಿ: ಹೊರಗೋಡೆ ಬೇಡ, ಕಿಟಕಿಯ ಬಿಸಿಲು ಬೀಳುವ ಗೋಡೆಯೂ ಬೇಡ. ಎದೆಯೆತ್ತರಕ್ಕೆ ಮರದ ಹಲಗೆ ಹೊಡೆದು, ನುಣುಪಾದ ದುಂಡು ಮರದ ಗೂಟಗಳನ್ನು ಅರ್ಧ ಮೀಟರಿಗೊಂದರಂತೆ ಕೂರಿಸಿ. ಮೊಳೆ ಬೇಡ, ಅದರ ತುಕ್ಕು ಮತ್ತು ಚೂಪು ಪಟ್ಟಿಯ ಅಂಚನ್ನು ಕೆಡಿಸುತ್ತದೆ. ಹಾರ್ನೆಸ್ಸನ್ನು ಬೆನ್ನಿನ ಡಿ-ರಿಂಗಿನಿಂದಲೇ ನೇತುಹಾಕಿದರೆ ಪಟ್ಟಿಗಳು ತಿರುಚದೆ ಇರುತ್ತವೆ, ಬೆಳಗ್ಗೆ ಹಾಕಿಕೊಳ್ಳುವುದೂ ಬೇಗ. ತುದಿ ನೆಲಕ್ಕೆ ತಾಗಬಾರದು. ಪಕ್ಕದಲ್ಲಿ ಬಣ್ಣ, ಥಿನ್ನರ್, ಆಸಿಡ್, ಸುಣ್ಣ, ಬ್ಯಾಟರಿ ಏನೂ ಇರಬಾರದು. ಆವಿಯೂ ಹಾನಿ ಮಾಡುತ್ತದೆ.

ಶೆಡ್ ಬಿಟ್ಟರೆ ಬೇರೆ ಜಾಗವೇ ಇಲ್ಲವೆಂದರೆ ಗಾಳಿತೂತುಗಳಿರುವ ಕಬ್ಬಿಣದ ಕಪಾಟು ತಂದು ನೆಲದಿಂದ ಗೇಣೆತ್ತರ ಇಟ್ಟಿಗೆಯ ಮೇಲೆ ಕೂರಿಸಿ, ತೂತುಗಳಿಗೆ ಸಣ್ಣ ಜಾಲರಿ ಹೊಡೆಸಿ. ಜಾಲರಿ ಇಲಿಗಾಗಿ. ಬೆವರಿನ ಉಪ್ಪಿಗೆ ಇಲಿ ಪಟ್ಟಿ ಕಚ್ಚುತ್ತದೆ, ಹೆಚ್ಚಾಗಿ ತೊಡೆಪಟ್ಟಿಯ ಒಳಮಗ್ಗುಲನ್ನು, ಹೊರಗೆ ಕಾಣದ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದೆ ಇಟ್ಟರೂ ಹದಿನೈದು ದಿನಕ್ಕೊಮ್ಮೆ ಚೀಲದಿಂದ ತೆಗೆದು ಒಂದು ದಿನ ಫ್ಯಾನಿನ ಗಾಳಿಗೆ ಬಿಡಿ.

ಆ ಎರಡು ಬಳಸದ ಬೆಲ್ಟ್‌ಗಳಿಗೆ ಬರೋಣ. ಬಳಸದಿದ್ದರೂ ಎಳೆ ಹಳೆಯದಾಗುತ್ತದೆ. ಅವುಗಳ ಸೂಚನಾ ಪುಸ್ತಕದಲ್ಲಿ ಆಯಸ್ಸಿನ ಮಿತಿ ಬರೆದಿರುತ್ತದೆ: ಕೆಲವು ತಯಾರಕರು 5 ವರ್ಷ, ಕೆಲವರು 10 ವರ್ಷ ಎನ್ನುತ್ತಾರೆ, ಎಣಿಕೆ ತಯಾರಾದ ದಿನದಿಂದಲೋ ಮೊದಲ ಬಳಕೆಯ ದಿನದಿಂದಲೋ ಎಂಬುದನ್ನೂ ಹೇಳುತ್ತಾರೆ. ಮಿತಿಯೊಳಗಿದ್ದು ಪರೀಕ್ಷೆಯಲ್ಲಿ ಪಾಸಾದರೆ ಬಳಸಿ. ಪುಸ್ತಕ ಕಳೆದಿದ್ದರೆ ಸೀರಿಯಲ್ ನಂಬರ್ ಕೊಟ್ಟು ತಯಾರಕರನ್ನೇ ಕೇಳಿ. ಉತ್ತರ ಬಾರದಿದ್ದರೆ 5 ವರ್ಷಕ್ಕೆ ನಿಲ್ಲಿಸುವುದು ನನ್ನ ಸಲಹೆ. ದಿನವೂ ಬಿಸಿಲು, ಪುಟ್ಟಿಯ ನಡುವೆ ಬಳಸುವ ಹಾರ್ನೆಸ್ ಅಷ್ಟು ವರ್ಷ ಬಾಳುವುದೂ ಅಪರೂಪ.

ಪ್ರತಿ ಹಾರ್ನೆಸ್ಸಿಗೆ ಒಂದು ನೋಟ್‌ಬುಕ್ ಪುಟ ಬಿಡಿ: ಸೀರಿಯಲ್ ನಂಬರ್, ಖರೀದಿ, ಮೊದಲ ಬಳಕೆ, ಪ್ರತಿ ಪರೀಕ್ಷೆಯ ದಿನಾಂಕ, ನೋಡಿದವನ ಸಹಿ. ಹಾಕಿಕೊಳ್ಳುವವನು ಪ್ರತಿ ಬೆಳಗ್ಗೆ ಎರಡು ನಿಮಿಷ ನೋಡಬೇಕು. ತರಬೇತಿ ಪಡೆದ ಒಬ್ಬರು ವರ್ಷಕ್ಕೊಮ್ಮೆ ಪೂರ್ತಿ ಪರೀಕ್ಷಿಸುವುದು ಇಎನ್ 365 ಹೇಳುವ ಕನಿಷ್ಠ. ನಿಮ್ಮಂಥ ಕೆಲಸಕ್ಕೆ ಮೂರು ತಿಂಗಳಿಗೊಮ್ಮೆ ಮಾಡಿ. ಪಟ್ಟಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬರೆಯಬೇಡಿ, ಅದರ ಶಾಯಿಯಲ್ಲೂ ದ್ರಾವಕವಿದೆ. ಲೇಬಲ್‌ನಲ್ಲಿ ಬಿಟ್ಟ ಜಾಗದಲ್ಲಿ ಬರೆಯಿರಿ, ಇಲ್ಲವೇ ಡಿ-ರಿಂಗಿಗೆ ಸಣ್ಣ ಟ್ಯಾಗ್ ಕಟ್ಟಿ.

ತೆಗೆದುಹಾಕಿದ್ದನ್ನು ಹಾಗೆಯೇ ಗುಜರಿಗೆ ಕೊಡಬೇಡಿ. ಯಾರೋ ಎತ್ತಿಕೊಂಡು ತೆಂಗಿನ ಮರಕ್ಕೋ ಇನ್ನೊಂದು ಕಟ್ಟಡಕ್ಕೋ ಹತ್ತುತ್ತಾರೆ. ಭುಜದ ಮತ್ತು ತೊಡೆಯ ಪಟ್ಟಿಗಳನ್ನು ಮೂರ್ನಾಲ್ಕು ಕಡೆ ಕತ್ತರಿಸಿ, ಡಿ-ರಿಂಗ್ ಬೇರ್ಪಡಿಸಿ, ಲ್ಯಾನ್ಯಾರ್ಡನ್ನು ಶಾಕ್ ಅಬ್ಸಾರ್ಬರಿನ ಎರಡೂ ಬದಿಯಲ್ಲಿ ತುಂಡರಿಸಿ, ನೋಟ್‌ಬುಕ್ಕಿನ ಆ ಪುಟಕ್ಕೆ ದಿನಾಂಕ ಹಾಕಿ ಅಡ್ಡಗೆರೆ ಎಳೆಯಿರಿ.